ಗಂಟೆಗೆ ಓಗೊಟ್ಟವನು

“ಗಂಟೆ ಒತ್ತಿದ್ರೆ ಯಾರಾದ್ರೂ ಎತ್ತಬೇಕಲ್ವಾ ಸಾರ್? ಗೋಡೆ ಜೊತೆ ಮಾತಾಡ್ಲಿ ಅಂತ ಗಂಟೆ ಇಡ್ತಾರಾ?”

ಠಾಣೆಯ ಬೆಂಚಿನ ತುದಿಯಲ್ಲಿ ಕೂತ ಬಸ್ ಡ್ರೈವರ್ ಇನ್ಸ್‌ಪೆಕ್ಟರನ್ನು ಕೇಳಿದ. ಮಂಗಳವಾರ, ಬೆಳಗಿನ ಹೊತ್ತು. ಅವನ ಅಕ್ಕ ಟೈಲರ್. ಹಿಂದಿನ ಮಧ್ಯಾಹ್ನ ಹೊಲಿದ ಬಟ್ಟೆ ಕೊಡಲು ಒಂದು ವಸತಿ ಕಟ್ಟಡಕ್ಕೆ ಹೋದವಳು, ನಡುದಾರಿಯಲ್ಲಿ ನಿಂತ ಲಿಫ್ಟಿನೊಳಗೆ ಸಿಕ್ಕಿಬಿದ್ದಿದ್ದಳು. ಸಕ್ಕರೆ ಕಾಯಿಲೆಯ ಜೀವ. ಗಂಟೆ ಒತ್ತಿ ಒತ್ತಿ ಕುಸಿದವಳನ್ನು ಸಂಜೆ ಬಾಗಿಲು ಒಡೆದು ಹೊರಗೆ ತಂದಿದ್ದರು. ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಎಫ್‌ಐಆರ್ ದಾಖಲಾಯಿತು.

“ಇದು ಮಿಷನ್ ಕೆಟ್ಟ ಕೇಸು ಸಾರ್, ನಮ್ಮದಲ್ಲ,” ಅಂದ ಹೆಡ್ ಕಾನ್‌ಸ್ಟೆಬಲ್. ಬಾಯಿಗೆ ಬಿಡುವೇ ಇಲ್ಲದ್ದರಿಂದ ಠಾಣೆಯಲ್ಲಿ ಅವನಿಗೆ ರೇಡಿಯೋ ಅಂತಲೇ ಹೆಸರು.

“ಕೆಟ್ಟಿದ್ದು ಲಿಫ್ಟು. ಗಂಟೆ ಹೊಡೆದಿದೆ. ಎಲ್ಲಿ ಹೊಡೀತು ಅನ್ನೋದು ನಮ್ಮ ಕೇಸು. ಇನ್ನೊಂದು ಲಿಫ್ಟು ನಿಲ್ಲೋದ್ರೊಳಗೆ ಗೊತ್ತಾಗಬೇಕು. ನಡಿ.”

ಲಿಫ್ಟಿನೊಳಗೆ ಪಂಚನಾಮೆ ನಡೆಯಿತು. ಬಟ್ಟೆಯ ಚೀಲ ಮೂಲೆಯಲ್ಲೇ ಇತ್ತು. ಗಂಟೆಯ ಗುಂಡಿಯ ಸುತ್ತ ಉಗುರು ಗೀಚಿದ ಗುರುತು. ಅದೇ ಕಟ್ಟಡದ ಅಜ್ಜಿಯೊಬ್ಬಳು ಸಾಕ್ಷಿಯಾಗಿ ನಿಂತಿದ್ದಳು.

“ನಾನೂ ಒಂದ್ಸಲ ಸಿಕ್ಕಾಕ್ಕೊಂಡಿದ್ದೆ ಕಣಪ್ಪ, ಮೊಮ್ಮಗಳ ಜೊತೆ. ಕಂಟ್ರೋಲ್ ರೂಮಿನವ್ರು ತಕ್ಷಣ ಎತ್ತಿದ್ರು. ಎಂಥಾ ಬಂಗಾರದಂಥ ಮನುಷ್ಯ! ಮೆಕ್ಯಾನಿಕ್ ಬರೋವರೆಗೂ ಫೋನ್ ಇಡಲಿಲ್ಲ. ಮಗುಗೆ ಕತೆ ಹೇಳಿದ್ರು. ಲಿಫ್ಟ್ ಸರಿಹೋದಾಗ ನಮಗೇ ಬೇಜಾರಾಯ್ತು.”

ಲಿಫ್ಟ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಇಬ್ಬರು ಹೆಂಗಸರಿದ್ದರು.

“ಇಲ್ಲಿ ಫೋನ್ ಎತ್ತೋ ಗಂಡಸ್ರು ಯಾರು?”

“ಇಲ್ಲಿ ಗಂಡಸರೇ ಇಲ್ಲ ಸಾರ್.”

“ಆ ಏರಿಯಾದಿಂದ ಕರೆ ಬಂದು ಎಷ್ಟು ದಿನ ಆಯ್ತು?”

ಹೆಂಗಸರು ಮುಖ ಮುಖ ನೋಡಿಕೊಂಡರು. “ತಿಂಗಳುಗಳೇ ಆಯ್ತು. ಲಿಫ್ಟ್‌ಗಳೆಲ್ಲ ಚೆನ್ನಾಗಿ ನಡೀತಿವೆ ಅಂದ್ಕೊಂಡ್ವಿ.”

ಮೇಲಿನ ಮಹಡಿಯಲ್ಲಿ ಸಾಫ್ಟ್‌ವೇರ್ ವಿಭಾಗ. ಮೂವತ್ತು ಜನರಿದ್ದರೂ ಕೀಲಿಮಣೆಯ ಸದ್ದು ಬಿಟ್ಟರೆ ಸೊಲ್ಲಿಲ್ಲ. ಪಕ್ಕದ ಕುರ್ಚಿಯವನನ್ನೂ ಬರೆದೇ ಕೇಳುವ ಜನ. ಅಲ್ಲಿನ ಮುಖ್ಯ ಎಂಜಿನಿಯರಮ್ಮ ರಾತ್ರಿಯಿಡೀ ನಿದ್ದೆಗೆಟ್ಟಿದ್ದಳು. ಗಂಟೆ ಒತ್ತಿದರೆ ಕರೆ ಮೊದಲು ಕಂಪನಿಯಲ್ಲಿರುವ ಆ ಏರಿಯಾದ ಸರ್ವರಿಗೆ ಬರುತ್ತದೆ, ಅಲ್ಲಿನ ಪ್ರೋಗ್ರಾಮ್ ಅದನ್ನು ಕಂಟ್ರೋಲ್ ರೂಮಿಗೆ ದಾಟಿಸುತ್ತದೆ ಎಂದಳು.

“ಕೋಡ್ ಎಲ್ಲ ಜಾಲಾಡಿದ್ವಿ ಸರ್. ತಪ್ಪಿಲ್ಲ. ಅದರಲ್ಲಿ ಫೋನ್ ನಂಬರೇ ಇಲ್ಲ.”

“ನಂಬರಿಲ್ಲದೆ ಯಾರಿಗೆ ಫೋನ್ ಮಾಡುತ್ತೆ?”

“ಕರೆ ಮಾಡೋ ಭಾಗ ‘ನನಗೊಂದು ನಂಬರ್ ಬೇಕು’ ಅಂತಷ್ಟೇ ಹೇಳುತ್ತೆ. ಪ್ರೋಗ್ರಾಮ್ ಶುರುವಾಗುವಾಗ ಫ್ರೇಮ್‌ವರ್ಕ್ ಅನ್ನೋದು ಸೆಟ್ಟಿಂಗ್ಸ್‌ನಿಂದ ನಂಬರ್ ತೆಗೆದು ಅದರ ಕೈಗಿಡುತ್ತೆ. ಶುರುವಾದ ಮೇಲೆ ಅದು ಮತ್ತೆ ಕೇಳಲ್ಲ.”

“ನಮ್ಮ ರೋಲ್ ಕಾಲ್ ಥರ,” ಅಂದ ರೇಡಿಯೋ. “ಬೆಳಿಗ್ಗೆ ಡ್ಯೂಟಿ ಕೈಗೆ ಬಿತ್ತು ಅಂದ್ರೆ ಮುಗೀತು. ಮಧ್ಯಾಹ್ನ ಬೋರ್ಡಲ್ಲಿ ಅಳಿಸಿ ಬರೆದ್ರೂ ಬಿಸಿಲಲ್ಲಿ ನಿಂತೋನಿಗೆ ಗೊತ್ತಾಗಲ್ಲ.”

ಎಂಜಿನಿಯರಮ್ಮ ಆ ದಿನ ಮೊದಲ ಸಲ ನಕ್ಕಳು. ಸೆಟ್ಟಿಂಗ್ಸ್ ಫೈಲ್ ತೆರೆದು ತೋರಿಸಿದಳು. ಕಂಟ್ರೋಲ್ ರೂಮಿನ ನಂಬರೇ ಇತ್ತು.

“ನಮ್ಮಲ್ಲಿ ಬೋರ್ಡಲ್ಲಿ ಏನೇ ಇರಲಿ, ನಾನು ಬಾಯಲ್ಲಿ ಹೇಳಿದ್ದೇ ನಡೆಯೋದು,” ಅಂದ ಇನ್ಸ್‌ಪೆಕ್ಟರ್. “ನಿಮ್ಮಲ್ಲಿ ಫೈಲಿನ ಮೇಲೆ ಯಾರ ಮಾತು ನಡೆಯುತ್ತೆ?”

ಅವಳ ಕೈ ನಿಂತಿತು. “ಸರ್ವರ್ ಮಷೀನಿನಲ್ಲೇ ಅದೇ ಹೆಸರಿನ ಸೆಟ್ಟಿಂಗ್ ಇಟ್ಟಿದ್ರೆ ಫ್ರೇಮ್‌ವರ್ಕ್ ಫೈಲ್ ಬಿಟ್ಟು ಅದನ್ನೇ ಕೊಡುತ್ತೆ. ಪರೀಕ್ಷೆ ಮಾಡುವಾಗ ಹಾಗೆ ಇಡ್ತೀವಿ. ಆದ್ರೆ ತೆಗೆದುಬಿಡ್ತೀವಲ್ಲ...”

ತೆಗೆದಿರಲಿಲ್ಲ. ಅಲ್ಲಿ ಬೇರೆಯೇ ನಂಬರಿತ್ತು. ಪರೀಕ್ಷೆಗೆಂದು ಕಂಪನಿ ಕೊಂಡು, ಕಳೆದುಹೋಗಿದೆ ಎಂದು ಬರೆದುಕೊಂಡಿದ್ದ ಫೋನಿನದು. ಆ ಮಷೀನಿಗೆ ಕೈ ಹಾಕಬಲ್ಲವರು ಮೂವರು. ರೇಡಿಯೋ ತನ್ನ ಫೋನಿನಿಂದ ಆ ನಂಬರಿಗೆ ಕರೆ ಮಾಡಿ ನೋಡಿದ, ಯಾರೂ ಎತ್ತಲಿಲ್ಲ.

“ನಮ್ಮ ಕರೆ ಎತ್ತಲ್ಲ,” ಅಂದ ಇನ್ಸ್‌ಪೆಕ್ಟರ್. “ಲಿಫ್ಟಿಂದು ಎತ್ತಬಹುದು. ನೀನು ಇಲ್ಲೇ ಇರು. ಕಿವಿ ತೆರೆದಿರಲಿ, ಬಾಯಿ ಮುಚ್ಚಿರಲಿ.”

ಅದೇ ಸರ್ವರಿಗೆ ಸೇರಿದ ಆ ಕಚೇರಿಯ ಲಿಫ್ಟನ್ನೇ ಮೆಕ್ಯಾನಿಕ್ ನಡುವೆ ನಿಲ್ಲಿಸಿದ. ಇನ್ಸ್‌ಪೆಕ್ಟರ್ ಗಂಟೆ ಒತ್ತಿದ.

“ಹೆದರ್ಬೇಡಿ, ನಾನಿದ್ದೀನಿ,” ಅಂದಿತು ಒಂದು ಮೆದು ದನಿ. “ಮೆಕ್ಯಾನಿಕ್‌ನ ಕಳಿಸ್ತೀನಿ. ಒಬ್ಬರೇ ಇದ್ದೀರಾ?”

“ಒಬ್ಬನೇ.”

“ಬಾಗಿಲು ನೋಡ್ತಾ ನಿಲ್ಬೇಡಿ, ಕೂತ್ಕೊಳ್ಳಿ. ಊಟ ಆಯ್ತಾ?”

ಹೆಂಡತಿ ಹೋದ ಮೇಲೆ ಇನ್ಸ್‌ಪೆಕ್ಟರನ್ನು ಆ ಮಾತು ಯಾರೂ ಕೇಳಿರಲಿಲ್ಲ. “ಇಲ್ಲ,” ಅಂದ. ಅಂದಮೇಲೆ, ನಿಜವಾಗಿಯೂ ಕೂತ.

“ನಂದೂ ಆಗಿಲ್ಲ. ಹೀಗೇ ಏನಾದ್ರೂ ಮಾತಾಡ್ತಿರೋಣ.”

ಅದೇ ಫೋನಿನಲ್ಲಿ ರೇಡಿಯೋನ ಗಂಟಲು ಕೇಳಿಸಿತು: “ಸಿಕ್ಕಿದ್ರಲ್ಲ ಸ್ವಾಮಿ. ಫೋನ್ ಇತ್ತ ಕೊಡಿ.”

“ಒಂದ್ನಿಮಿಷ,” ಅಂದಿತು ಮೆದು ದನಿ. “ಒಳಗೊಬ್ಬರಿದ್ದಾರೆ.”

ಆ ದನಿಯವನನ್ನು ಕಚೇರಿಯವರು ಮೂಲೆಯವನು ಅನ್ನುತ್ತಿದ್ದರು. ಮೆಟ್ಟಿಲ ಬಳಿ ನಿಂತು ಮಾತಾಡುವಾಗ ಸಿಕ್ಕಿದ್ದ. ಆ ಮೂವರಲ್ಲೊಬ್ಬ, ಗಂಟೆಯ ಪ್ರೋಗ್ರಾಮ್ ಬರೆದವನು ಅವನೇ. ದಸ್ತಗಿರಿಯ ಗದ್ದಲದ ನಡುವೆಯೇ ಎಂಜಿನಿಯರಮ್ಮ ಆ ನಂಬರನ್ನು ಅಳಿಸಿದಳು.

ಸಂಜೆ ಠಾಣೆಯಲ್ಲಿ ಹೇಳಿಕೆ ಬರೆಸುವ ಮೊದಲು ಅವನು ಕೇಳಿದ್ದು ಒಂದೇ: “ಅವ್ರು ಹೇಗಿದ್ದಾರೆ?”

“ಈಗ ಕಣ್ಣು ಬಿಟ್ಟರಂತೆ. ಬಟ್ಟೆ ಚೀಲ ಎಲ್ಲಿ ಅಂತ ತಮ್ಮನಿಗೆ ಬೈತಿದ್ದಾರಂತೆ.”

ಅವನು ಮುಖ ಮುಚ್ಚಿಕೊಂಡ.

“ಪರೀಕ್ಷೆಗೆ ಅಂತಲೇ ಇಟ್ಟಿದ್ದು ಸರ್. ತೆಗೆಯೋದು ಮರೆತೆ. ಒಂದಿನ ಯಾರೋ ತಾಯಿ, ಅಳ್ತಾ ಇದ್ರು. ಮೆಕ್ಯಾನಿಕ್ ಬರೋವರೆಗೂ ಮಾತಾಡ್ದೆ. ಹೋಗ್ತಾ ‘ನೀವಿದ್ರಿ ಅಂತ ಧೈರ್ಯ ಬಂತಪ್ಪ’ ಅಂದ್ರು. ಅವತ್ತು ಗೊತ್ತಾಯ್ತು, ಆ ವಾರ ನಾನು ಬಾಯಿಬಿಟ್ಟಿದ್ದು ಅದೇ ಮೊದಲು ಅಂತ. ಆಮೇಲೆ ಅಳಿಸೋಕೆ ಕೈ ಬರಲಿಲ್ಲ.”

“ಸೋಮವಾರ?”

“ಜ್ವರ. ಮಾತ್ರೆ ನುಂಗಿ ಮಲಗಿದ್ದೆ. ಎದ್ದಾಗ ಸ್ಕ್ರೀನ್ ತುಂಬ ಮಿಸ್ಡ್ ಕಾಲ್.”

ಠಾಣೆಯ ರೈಟರ್ ವಶಪಡಿಸಿಕೊಂಡ ಫೋನನ್ನು ಲಕೋಟೆಗೆ ಹಾಕಿ ಮೊಹರು ಒತ್ತಲು ಅರಗು ಕಾಯಿಸುತ್ತಿದ್ದ. ಆರೋಪಿ ಅತ್ತ ನೋಡಿದ. “ಸರ್, ನಂಬರ್ ತೆಗೆದ್ರಾ?”

“ನನ್ನ ಕಣ್ಣೆದುರಿಗೇ ಅಳಿಸಿದ್ರು.”

“ಪ್ರೋಗ್ರಾಮ್ ನಿಲ್ಲಿಸಿ ಮತ್ತೆ ಶುರು ಮಾಡಿದ್ರಾ?”

ಇನ್ಸ್‌ಪೆಕ್ಟರ್ ರೇಡಿಯೋನ ಮುಖ ನೋಡಿದ. ತನ್ನದೇ ರೋಲ್ ಕಾಲಿನ ಮಾತು ನೆನಪಾಗಿ ರೇಡಿಯೋ ಎಂಜಿನಿಯರಮ್ಮನಿಗೆ ಕರೆ ಮಾಡಲು ಹೊರಗೋಡಿದ.

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನ್ ಹೊಡೆದುಕೊಳ್ಳತೊಡಗಿತು. ಆರೋಪಿಯ ಕೈ ತಾನಾಗಿ ಮೇಲೆದ್ದು, ಮತ್ತೆ ತೊಡೆಯ ಮೇಲೆ ಬಿತ್ತು. ಇನ್ಸ್‌ಪೆಕ್ಟರ್ ರೈಟರನ ಅರಗನ್ನು ಪಕ್ಕಕ್ಕೆ ಸರಿಸಿ, ಕುರ್ಚಿ ಎಳೆದುಕೊಂಡು ಕೂತು, ಫೋನ್ ಎತ್ತಿ ಕಿವಿಗಿಟ್ಟುಕೊಂಡ.