ಹಳೆಯ ಕಿಟಕಿಗೆ ಬಂದ ಮಾತು

ನಮ್ಮ ಯಜಮಾನರಿಗೆ ಆಗ ಆಫೀಸಿನಲ್ಲಿ ‘ಮೌನಿ’ ಎಂದೇ ಅಡ್ಡಹೆಸರು. ಇವರು ಪ್ರೋಗ್ರಾಂ ಬರೆಯುವವರು, ನಾನು ಅದರ ತಪ್ಪು ಹುಡುಕುವವಳು. ಎದುರುಬದುರು ಮೇಜು. ತಲೆ ಎತ್ತಿದರೆ ಮಾನಿಟರಿನ ಮೇಲೆ ಇವರ ಕನ್ನಡಕ ಮಾತ್ರ ಕಾಣುತ್ತಿತ್ತು. ನಾನು ನೋಡಿದ ಕೂಡಲೇ ಅದೂ ಕೆಳಗಿಳಿಯುತ್ತಿತ್ತು.

ಆಗ ಮಾಡುತ್ತಿದ್ದದ್ದು ಆಫೀಸಿನೊಳಗೇ ಮೆಸೇಜ್ ಕಳಿಸುವ ಪ್ರೋಗ್ರಾಂ. ಅದು ಯುಡಿಪಿ ಎಂಬ ಕಳಿಸುವ ಪದ್ಧತಿಯ ಮೇಲೆ ನಡೆಯುತ್ತಿತ್ತು. ಕಳಿಸಿದ್ದು ತಲುಪಿತೋ ಇಲ್ಲವೋ ಎಂದು ಯುಡಿಪಿ ತಿರುಗಿ ಹೇಳುವುದಿಲ್ಲ. ಥೇಟ್ ಇವರ ಹಾಗೆ.

ಅಷ್ಟರಲ್ಲಿ ನನಗೆ ಬೇರೆ ಊರಿಗೆ ವರ್ಗವಾಯಿತು. ಬೇಡ ಎನ್ನುವುದಾದರೆ ಶುಕ್ರವಾರ ಸಂಜೆಯೊಳಗೆ ಹೇಳಬೇಕಿತ್ತು. ಇವರು ಒಂದು ಮಾತು ಆಡಲಿ, ಉಳಿದುಬಿಡುತ್ತೇನೆ ಎಂದು ಕಾದೆ. ಸೋಮವಾರ ಪ್ರೋಗ್ರಾಮಿನ ಹೊಸ ವರ್ಷನ್ ಕೊಟ್ಟು, "ಓಪನ್ ಮಾಡಿಟ್ಟಿರಿ" ಎಂದರು, ಅಷ್ಟೆ. ಮಾಡಿಟ್ಟೆ. ಏನೂ ಬರಲಿಲ್ಲ. ವಾರವಿಡೀ ಇವರು ಮುಖ ತಪ್ಪಿಸಿಕೊಂಡು ಓಡಾಡಿದರು. ಹೋಗಲಿ ಬಿಡು ಎಂದುಕೊಂಡು ಸಾಮಾನು ಕಟ್ಟತೊಡಗಿದೆ.

ಶುಕ್ರವಾರ ಕಂಪ್ಯೂಟರ್ ಖಾಲಿ ಮಾಡುವಾಗ, ಪರದೆಯಲ್ಲಿ ಹೊಸದರ ಹಿಂದೆ ಹಳೆಯ ವರ್ಷನ್ನಿನ ಕಿಟಕಿ ಮುಚ್ಚದೆ ಹಾಗೇ ಉಳಿದಿದ್ದು ಕಂಡಿತು. ಅದರಲ್ಲಿ ಸೋಮವಾರ ಇವರು ಕಳಿಸಿದ ಒಂದು ಸಾಲು: "ಹೋಗ್ಬೇಡಿ. ನೀವಿಲ್ದೆ ನನ್ನಿಂದಾಗಲ್ಲ."

"ರೀ, ಸ್ವಲ್ಪ ಇಲ್ಲಿ ಬನ್ನಿ" ಎಂದೆ.

ಬಂದು ನೋಡಿದರು. ಕಿವಿ ಕೆಂಪಾಯಿತು. "ನೀವು ಉತ್ತರಾನೇ ಕೊಡ್ಲಿಲ್ಲ. ಇಷ್ಟ ಇಲ್ಲ ಅಂದ್ಕೊಂಡೆ."

"ನಾನು ಈಗ ನೋಡ್ತಾ ಇದೀನಿ ಕಣ್ರೀ."

"ನನ್ನ ಮಷೀನಲ್ಲಿ ಹಳೇದು, ಹೊಸದು ಎರಡೂ ಓಪನ್ ಮಾಡಿ ನೋಡಿದ್ದೆ. ಹೊಸದಕ್ಕೇ ಬಂತಲ್ಲ..."

"ನಿಮ್ದು ಲಿನಕ್ಸ್. ನಂದು ವಿಂಡೋಸ್."

ಎರಡು ವರ್ಷನ್ನುಗಳೂ ಒಂದೇ ಪೋರ್ಟಿಗೆ, ಅಂದರೆ ಮೆಸೇಜು ಒಳಬರುವ ಒಂದೇ ಬಾಗಿಲಿಗೆ, ಬೈಂಡ್ ಆಗಿ ಕೂತಿದ್ದವು. ಇವರ ಮಷೀನಿನಲ್ಲಿ ಮೆಸೇಜು ಕೊನೆಗೆ ಬಂದು ಕೂತದ್ದಕ್ಕೆ ಸಿಗುತ್ತಿತ್ತು, ನನ್ನದರಲ್ಲಿ ಮೊದಲೇ ಕೂತದ್ದಕ್ಕೆ. ನಾನು ಹಳೆಯದನ್ನು ಮುಚ್ಚಿದೆ.

"ಈಗ ಇನ್ನೊಂದ್ಸಲ ಕಳಿಸಿ."

"ಅದೇ ಮಾತಾ?"

"ಅದೇ. ಬೇರೆ ಕಳ್ಸಿದ್ರೆ ಟೆಸ್ಟ್ ಹೇಗಾಗುತ್ತೆ?"

ಹೋಗಿ ಕೂತು ಕಳಿಸಿದರು. ಹೊಸ ಕಿಟಕಿಯಲ್ಲಿ ಅದೇ ಸಾಲು ಮೂಡಿತು. ತಲೆ ಎತ್ತಿದೆ. ಈ ಸಲ ಕನ್ನಡಕ ಕೆಳಗಿಳಿಯಲಿಲ್ಲ.

"ತಲುಪ್ತು. ಹೋಗಲ್ಲ" ಎಂದು ಬಾಯಿಬಿಟ್ಟೇ ಹೇಳಿದೆ.

ಎಷ್ಟೋ ವರ್ಷವಾಯಿತು. ಆ ಆಫೀಸೂ ಇಲ್ಲ, ಆ ಪ್ರೋಗ್ರಾಮೂ ಇಲ್ಲ. ಇವರು ಮಾತ್ರ ಇವತ್ತಿಗೂ ಏನಾದರೂ ಹೇಳುವುದಿದ್ದರೆ ಅಡುಗೆಮನೆಯ ತನಕ ಬಂದು, ಹೇಳಿ, "ಕೇಳಿಸ್ತಾ?" ಎಂದು ನಿಲ್ಲುತ್ತಾರೆ.

ಕೇಳಿಸಿರುತ್ತದೆ. "ಇಲ್ಲ, ಇನ್ನೊಂದ್ಸಲ ಹೇಳಿ" ಎನ್ನುತ್ತೇನೆ.