ಮುಕ್ಕುಂದದ ಚೌಕಟ್ಟು

ಮುಕ್ಕುಂದ ಊರಿನ ಗ್ಯಾನಮ್ಮನ ಹೊಸ ಮನೆಗೆ ನಾಲ್ಕು ಗೋಡೆ ಇದ್ದವು, ಸೂರು ಇರಲಿಲ್ಲ. ರಾತ್ರಿಯವರೆಗೆ ಹೊಸ್ತಿಲಿಗೆ ಅರಿಸಿಣ ಬಳಿದ ಬಾಗಿಲ ಚೌಕಟ್ಟೂ ಇತ್ತು. ಬೆಳಿಗ್ಗೆ ನೋಡಿದರೆ ಅದಿದ್ದ ಜಾಗದಲ್ಲಿ ಗಾಳಿ ಓಡಾಡುತ್ತಿತ್ತು.

ಸಿಂಧನೂರಿನಿಂದ ಬಂದ ಹವಾಲ್ದಾರ ಹನುಮಂತರಾಯ ಬೈಕಿನಿಂದ ಇಳಿಯುವ ಮೊದಲೇ ದಣಿದಿದ್ದ. ಈ ನೌಕರಿಯಲ್ಲಿ ಅವನು ಪಂಪ್‌ಸೆಟ್ಟು, ಕುರಿ, ಭತ್ತದ ಚೀಲ, ಒಮ್ಮೆ ಒಬ್ಬ ಮದುಮಗನನ್ನೂ ಹುಡುಕಿ ಕೊಟ್ಟಿದ್ದ. ಬಾಗಿಲು ಇದೇ ಮೊದಲು.

"ಇವತ್ತ ಇಂಜಿನಿಯರ್ ಫೋಟೋ ತಗೀತಾನ್ರಿ ಸಾಹೇಬ್ರ," ಗ್ಯಾನಮ್ಮ ಹೇಳಿದಳು. "ಮುಂಜಾಲೆ ದಢೇಸುಗೂರಾಗ, ಮಧ್ಯಾಹ್ನ ಇಲ್ಲಿ. ಚೌಕಟ್ಟು ಕೂತ ಗ್ವಾಡಿ ಮುಂದ ನಾ ನಿಂತಿರಬೇಕು. ಇವತ್ತ ಕಡೀ ದಿನ. ಹೆಸರು ರದ್ದಾತಂದ್ರ ಮತ್ತ ತಗಡಿನ ಶೆಡ್ಡೇ ಗತಿ."

ಸರಕಾರದ ಮನೆಯ ರೀತಿಯೇ ಹಾಗೆ. ಒಂದು ಹಂತ, ಒಂದು ಫೋಟೋ, ಒಂದು ಕಂತು. ಫೋಟೋದಲ್ಲಿ ಇಲ್ಲದ್ದು ಭೂಮಿಯ ಮೇಲೂ ಇಲ್ಲ.

"ಯಾರ ಮ್ಯಾಲಾದ್ರೂ ಅನುಮಾನ?"

"ಅನುಮಾನ ಯಾಕ್ರಿ, ಕಣ್ಣ ಮುಂದ ನಿಂತಾನಲ್ಲ ನಮ್ಮ ಮೈದುನ!"

ಮೈದುನ ಮುದುಕಪ್ಪ ಬೇವಿನ ಕಡ್ಡಿ ಉಗುಳಿದ. ಈ ಜಾಗದ ಸಲುವಾಗಿ ಅತ್ತಿಗೆಯೊಂದಿಗೆ ಅವನ ಜಗಳ ಹಳೆಯದು. "ನನಗ ಸಿಟ್ಟು ಬಂದ್ರ ಗ್ವಾಡೀನೇ ಕೆಡವತಿದ್ದೆ ಅತ್ತಿಗಿ. ಬಾಗಲಾ ಒಯ್ದು ಏನು ಹೊದ್ದು ಮಲಗಲೇನು?"

ಜಗಳಗಂಟನ ಮಾತಾದರೂ ಸುಳ್ಳೆನಿಸಲಿಲ್ಲ.

ಹನುಮಂತರಾಯ ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಒಂದು ಇಟ್ಟಿಗೆಯೂ ಒಡೆದಿಲ್ಲ. ಚೌಕಟ್ಟಿನ ಕಬ್ಬಿಣದ ಪಟ್ಟಿ ಕೂರುವ ತೂತಿಗೆ ಬೆರಳು ಹಾಕಿದ. ಮಣ್ಣು ಉದುರಿತು. ಸಿಮೆಂಟಿನ ಸುಳಿವೇ ಇಲ್ಲ.

"ಕೂಡಿಸಿದವರು ಯಾರು?"

"ಗೌಂಡಿ ದುರುಗೇಶ. ದಢೇಸುಗೂರಿನ ಸಕೀನಾಬೀ ಮನೀನೂ ಅವನೇ ಕಟ್ಟಾಕತ್ತಾನ."

ಹನುಮಂತರಾಯ ಫೋನು ಹಚ್ಚಿದ. "ದುರುಗೇಶ ಏನಪ್ಪಾ? ಸ್ಟೇಷನ್ನಿನವರು. ಗ್ಯಾನಮ್ಮನ ಮನ್ಯಾಗ ಕಳವಾಗೈತಿ."

"ಅಳಬ್ಯಾಡ ಅನ್ರಿ ಸಾಹೇಬ್ರ ಆಕಿಗೆ. ಮಧ್ಯಾಹ್ನದೊಳಗ ಬಾಗಲಾ ನಿಂತಿರತೈತಿ."

ಹನುಮಂತರಾಯ ಫೋನನ್ನು ಕಿಸೆಗಿಟ್ಟ.

"ಹತ್ತವ್ವಾ ಗಾಡಿ," ಎಂದ.

* * *

ದಢೇಸುಗೂರಿನಲ್ಲಿ ಸಕೀನಾಬೀ ಹಬ್ಬದ ಸೀರೆ ಉಟ್ಟು, ಸೂರಿಲ್ಲದ ತನ್ನ ಮನೆಯ ಚೌಕಟ್ಟಿನ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಇಂಜಿನಿಯರ್ ಫೋನು ಎತ್ತಿದ್ದ. ಪೊಲೀಸರನ್ನು ಕಂಡ ದುರುಗೇಶ ಕರಣಿ ಕೆಳಗಿಟ್ಟ.

"ಸಕೀನಾಬೀ, ಹೊಸ್ತಿಲಿಗೆ ಅರಿಸಿಣ ಬಳದಾಕಿ ನೀನೇನವ್ವಾ?" ಹನುಮಂತರಾಯ ಕೇಳಿದ.

"ನಾ ಯಾಕ ಬಳೀಲ್ರಿ? ಗೌಂಡಿ ಹಂಗ ತಂದಾನ."

"ಅರಿಸಿಣ ನಂದು!" ಗ್ಯಾನಮ್ಮ ಹಿಂದಿನಿಂದ ಕೂಗಿದಳು.

ಹನುಮಂತರಾಯ ಬಳಲಿದ ದನಿಯಲ್ಲೇ ಹೇಳಿದ. "ಕಳ್ಳ ಕಿತ್ತರ ಇಟ್ಟಂಗಿ ಒಡೀತಾವ. ಇದನ್ನ ಕೂಡಿಸುವಾಗಲೇ ಕೀಳೋ ವಿಚಾರ ಇತ್ತು, ಅದಕ್ಕ ಮಣ್ಣು ತುಂಬ್ಯಾನ. ನಾ ಬರೇ ಕಳವು ಅಂದೆ, ಇವ ಬಾಗಲಾ ಅಂದ. ಮುಂಜಾಲೆ ಇಲ್ಲಿ ಫೋಟೋ, ಮಧ್ಯಾಹ್ನ ಅಲ್ಲಿ. ಎರಡು ಮನಿ, ಒಂದೇ ಚೌಕಟ್ಟು. ಸಕೀನಾಬೀ ರೊಕ್ಕದ ಚೌಕಟ್ಟು ಎಲ್ಲಿ ಹಾಕಿದಿಲೇ?"

"ಸಿಂಧನೂರಾಗ ಒಬ್ಬರ ಮನಿಗೆ ಕೊಟ್ಟೀನ್ರಿ." ದುರುಗೇಶ ಗ್ಯಾನಮ್ಮನ ಕಡೆ ತಿರುಗಿದ. "ನಿಂದು ವಾಪಸ್ ತರತಿದ್ನಿ ಯವ್ವಾ. ನೀ ಇಷ್ಟು ಲಗೂ ಏಳ್ತೀ ಅಂತ ಯಾರಿಗೆ ಗೊತ್ತಿತ್ತು?"

ತಪ್ಪು ಎದ್ದವಳದ್ದು ಎಂಬಂತಿತ್ತು.

ಇಂಜಿನಿಯರ್ ಫೋನು ಇಳಿಸಿದ. ಸಕೀನಾಬೀ ಮಾತ್ರ ನಿಂತಲ್ಲಿಂದ ಕದಲಲಿಲ್ಲ.

"ನೋಡವ್ವಾ," ಹನುಮಂತರಾಯ ಗ್ಯಾನಮ್ಮನಿಗೆ ಹೇಳಿದ, "ಕೇಸು ಬರದ್ರ ಚೌಕಟ್ಟು ಜಪ್ತಿ. ಕೋರ್ಟು ಬಿಡೋತನಕ ಸ್ಟೇಷನ್ನಾಗೇ ಇರತೈತಿ. ನಿನ್ನ ಫೋಟೋನೂ ಹೋತು."

ಗ್ಯಾನಮ್ಮ ದುರುಗೇಶನನ್ನು ನೋಡಿದಳು. ಆಮೇಲೆ ಸಕೀನಾಬೀಯನ್ನು.

"ಹಬ್ಬದ ಸೀರಿ ಉಟ್ಟು ನಿಂತಾಳ, ಬರೇ ನಿಂದರಿಸಿ ಕಳಸ್ತೀರೇನು? ಮದ್ಲ ಆಕಿ ಫೋಟೋ ತಗೀರಿ. ಆಮ್ಯಾಲ ಚೌಕಟ್ಟು ಒಯ್ದು ನಂದು. ಕೇಸು ಸಂಜಿಗೆ ಬರೀರಿ."

ಇಂಜಿನಿಯರ್ ಗಂಟಲು ಸರಿಮಾಡಿಕೊಂಡ. "ಏನ್ರಿ ಹವಾಲ್ದಾರ್ರ, ಇದು ನಡೀತೈತೇನು?"

"ನನ್ನ ಕೇಳಬ್ಯಾಡ್ರಿ. ನಾ ಇನ್ನಾ ಇಲ್ಲಿಗೆ ಬಂದಿಲ್ಲ. ದಾರ್ಯಾಗ ಚಾ ಕುಡ್ಯಾಕತ್ತೀನಿ."

ಹನುಮಂತರಾಯ ದುರುಗೇಶನ ರಟ್ಟೆ ಹಿಡಿದು ಹೋಟೆಲಿನ ಕಡೆ ನಡೆಸಿದ.

"ಬಾಲೇ, ನೀನೂ ಒಂದು ಕುಡಿ. ಕುಡಕೋತ ಆ ಸಿಂಧನೂರಿನ ಮನಿ ದಾರಿ ಹೇಳು."