ಕಿಲುಬಿಲ್ಲದ ಕಿವಿ

ವಿನೋದಕ್ಕ ಸತ್ತದ್ದನ್ನು ಮೊದಲು ನೋಡಿದ್ದು ಗೊಂಬೆಗಳು. ಅವು ಯಾರಿಗೂ ಹೇಳಲಿಲ್ಲ. ಹಾಗಾಗಿ ಆ ಕೆಲಸ ಪಕ್ಕದ ಮನೆಯ ರತ್ನಾವತಿಯ ಪಾಲಿಗೆ ಬಂತು.

ಬೆಳಿಗ್ಗೆ ಮಲ್ಲಿಗೆ ಚೆಂಡು ಹಿಡಿದು ಒಳಗೆ ಹೋದ ರತ್ನಾವತಿ ಹಾಕಿದ ಕೂಗು ಕಾಪುವಿನ ದೀಪಸ್ತಂಭಕ್ಕೆ ಬಡಿದು ವಾಪಸು ಬಂತಂತೆ. ಕಡಲಿನಲ್ಲಿದ್ದ ಎರಡು ದೋಣಿ ದಿಕ್ಕು ತಪ್ಪಿದವು ಅಂತಲೂ ಹೇಳುತ್ತಾರೆ. ದೋಣಿಯ ಮಾತು ಸುಳ್ಳಿರಬಹುದು. ಕೂಗು ಸುಳ್ಳಲ್ಲ.

ಎಸ್.ಐ. ಹರಿಣಾಕ್ಷಿ ಜೀಪಿನಿಂದ ಇಳಿದಳು. ಹಿಂದೆ ಹೆಡ್ ಕಾನ್‌ಸ್ಟೆಬಲ್ ಧನರಾಜ್. ಕೋಲದಲ್ಲಿ ಭೂತವೇ ಎದುರು ಬಂದು ನಿಂತರೂ ರೆಪ್ಪೆ ಅಲುಗಿಸದ ಮನುಷ್ಯ. ಗೊಂಬೆ ಕೋಣೆಯ ಹೊಸ್ತಿಲಲ್ಲಿ ಮಾತ್ರ ಅವನ ಬೂಟು ನೆಲಕ್ಕೆ ಅಂಟಿಕೊಂಡಿತು.

"ಮೇಡಂ, ಇವು ಎಲ್ಲ ನನ್ನನ್ನೇ ನೋಡ್ತಾ ಉಂಟು."

"ನಿಮ್ಮಲ್ಲಿ ನೋಡ್ಲಿಕ್ಕೆ ಎಂತ ಉಂಟು ಧನರಾಜ್? ಬನ್ನಿ ಒಳಗೆ."

ಮೂರು ಗೋಡೆಗೂ ಗಾಜಿನ ಕಪಾಟು. ಒಳಗೆ ಮೊಳದುದ್ದದ ಹೆಂಗಸರು. ಮಕ್ಕಳು ಆಡುವ ಗೊಂಬೆಗಳಲ್ಲ. ಉದ್ದ ಕಾಲು, ಬಳುಕುವ ಸೊಂಟ, ಕೈಯಲ್ಲಿ ಬರೆದ ತುಟಿ, ಒಂದೊಂದಾಗಿ ನೆಟ್ಟ ರೆಪ್ಪೆಗೂದಲು. ಗಂಡ ಕರುಣಾಕರನ ಜೊತೆ ಮಸ್ಕತ್ತಿನಲ್ಲಿದ್ದಷ್ಟು ಕಾಲ ವಿನೋದಕ್ಕ ಆರಿಸಿ ಆರಿಸಿ ಕೊಂಡವು. ಒಂದರ ಬೆಲೆಗೆ ಒಂದು ಸ್ಕೂಟರ್ ಬರುತ್ತದೆ, ಕೆಲವಕ್ಕೆ ಕಾರು. ಇದನ್ನು ಕೇಳಿದ ಮೇಲೆ ಧನರಾಜ್ ಇನ್ನೂ ಹೆಚ್ಚು ಹೆದರಿದ.

ವಿನೋದಕ್ಕ ಅಂಗಾತ ಬಿದ್ದಿದ್ದರು. ಪಕ್ಕದಲ್ಲಿ ಉರುಳಿದ ಸ್ಟೂಲು. ತಲೆಯ ಹಿಂದೆ ಮಾರ್ಬಲ್ ಮೆಟ್ಟಿಲಿನ ಅಂಚು, ಅದರ ಮೇಲೆ ಒಣಗಿ ಕಪ್ಪಾದ ರಕ್ತ. ಬಲಗೈಯಲ್ಲಿ ಒಂದು ಗೊಂಬೆ. ಅದಕ್ಕೆ ಉಡುಪಿ ಸೀರೆ, ಕಪ್ಪು ರವಕೆ, ಕಿವಿಯಲ್ಲಿ ಕಪ್ಪು ಮುತ್ತು. ವಿದೇಶದ ಬೆಡಗಿಯರಿಗೆ ಊರಿನ ಸೀರೆ ಉಡಿಸುವುದು ವಿನೋದಕ್ಕನ ಹುಚ್ಚು. ಗೊಂಬೆ ನಗುತ್ತಿತ್ತು. ಆ ಕೋಣೆಯಲ್ಲಿ ನಗುತ್ತಿದ್ದದ್ದು ಅದೊಂದೇ.

"ಚಿಕ್ಕಮ್ಮನಿಗೆ ಎಷ್ಟು ಸಲ ಹೇಳಿದ್ದೆ ಮೇಡಂ, ಸ್ಟೂಲ್ ಹತ್ಬೇಡಿ ಅಂತ."

ಬಾಗಿಲಲ್ಲಿ ಪ್ರಖ್ಯಾತ್. ವಿನೋದಕ್ಕನ ಅಕ್ಕನ ಮಗ. ತಾಯಿ ಇಲ್ಲದ ಹುಡುಗನನ್ನು ಮಕ್ಕಳಿಲ್ಲದ ವಿನೋದಕ್ಕನೇ ಸಾಕಿದ್ದು. ಈಗ ಮಣಿಪಾಲದಲ್ಲಿ ಫ್ಲ್ಯಾಟು, ದುಬಾರಿ ಉಡುಗೊರೆ ಸಾಮಾನಿನ ಅಂಗಡಿ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ನಿನ್ನೆ ಸಾಯಂಕಾಲ ಎಲ್ಲಿದ್ದೆ?"

"ಫ್ಲ್ಯಾಟಿನಲ್ಲಿ. ತಲೆನೋವು, ಮಲಗಿದ್ದೆ." ಅವನು ಮೂಗು ಒರೆಸಿಕೊಂಡ. "ಆ ಕಾರ್ಕಳದ ಹುಡುಗಿ ಬಂದಿದ್ದಳಂತೆ ಅಲ್ವಾ? ಲವಿಟಾ, ಗೊಂಬೆ ಬಟ್ಟೆ ಹೊಲಿಯುವವಳು. ಅವಳನ್ನು ಕೇಳಿ."

ಹರಿಣಾಕ್ಷಿ ಹೆಣದ ಪಕ್ಕ ಮೊಣಕಾಲೂರಿ ಟಾರ್ಚ್ ಹಾಕಿದಳು. ಅವಳ ಅಮ್ಮ ಮಲ್ಪೆಯಲ್ಲಿ ಮೀನು ಮಾರುತ್ತಿದ್ದವರು. ಕಣ್ಣು ನೋಡು, ಕಿವಿರು ನೋಡು, ಬಾಯಿ ನೋಡು, ಮೀನು ಸುಳ್ಳು ಹೇಳುವುದಿಲ್ಲ, ಮಾರುವವಳು ಹೇಳುತ್ತಾಳೆ ಅನ್ನುವುದು ಅಮ್ಮನ ಪಾಠ.

ವಿನೋದಕ್ಕನ ಬಾಯಿ ಸ್ವಲ್ಪ ತೆರೆದಿತ್ತು. ಗಲ್ಲದ ಪೌಡರಿನ ಮೇಲೆ ನೀರು ಇಳಿದ ಗೆರೆ. ನಾಲಿಗೆಯ ಮೇಲೆ ಒಂದು ಸಣ್ಣ ಹಸಿರು ಎಲೆ.

ಅವಳು ಧನರಾಜನನ್ನು ಕಣ್ಣಲ್ಲೇ ಕರೆದಳು. ಅವನು ಬಗ್ಗಿದ. ಅವನ ಮುಖದ ಬಣ್ಣ ಇಳಿಯಿತು.

"ತುಳಸಿ," ಅಂದ, ಪಿಸುಮಾತಿನಲ್ಲಿ.

"ಇದು ನನಗೆ, ನಿಮಗೆ, ಡಾಕ್ಟರಿಗೆ ಮಾತ್ರ. ನಾಲ್ಕನೆಯವರಿಗೆ ಗೊತ್ತಾದರೆ ನಿಮ್ಮನ್ನು ಈ ಕೋಣೆಯ ಕಾವಲಿಗೆ ಹಾಕ್ತೇನೆ."

ಧನರಾಜ್ ಅಂದಿನಿಂದ ಹೆಂಡತಿಯ ಹತ್ತಿರವೂ ಬಾಯಿ ಬಿಟ್ಟಿಲ್ಲ. ಊಟಕ್ಕೆ ಮಾತ್ರ ಬಿಟ್ಟದ್ದಂತೆ.

ಒಬ್ಬಳೇ ಬಿದ್ದು ಸತ್ತವಳ ಬಾಯಿಗೆ ತುಳಸಿ ನೀರು ಬಿಟ್ಟದ್ದು ಯಾರು?

* * *

ಹೆಣ ಉಡುಪಿಗೆ ಹೋದ ಮೇಲೆ ಕಲ್ಯಾಣಪುರದಿಂದ ವನೆಸ್ಸಾ ಬಂದರು. ಫ್ಯಾಷನ್ ಡಿಸೈನ್ ಟೀಚರು. ಅವರ ಮನೆಯಲ್ಲೂ ಇಂಥದ್ದೇ ಕಪಾಟು ಉಂಟು. ತನ್ನ ಗೊಂಬೆಗಳನ್ನೆಲ್ಲ ಒಂದು ಮ್ಯೂಸಿಯಮ್ಮಿಗೆ ಕೊಡಬೇಕೆಂದಿದ್ದ ವಿನೋದಕ್ಕ, ಬೆಲೆ ಕಟ್ಟಲು ಕರೆದದ್ದು ಇವರನ್ನೇ. ಮರುದಿನ ಬರಬೇಕಿತ್ತು. ಒಂದು ದಿನ ಮೊದಲೇ ಬರುವ ಹಾಗಾಯಿತು, ಕರೆದವರು ಇರಲಿಲ್ಲ.

ವನೆಸ್ಸಾ ಬಿಳಿ ಕೈಗವಸು ಹಾಕಿಕೊಂಡರು. ಸತ್ತವರ ಕೈಯಲ್ಲಿದ್ದ ಗೊಂಬೆಯನ್ನು ಎತ್ತಿ, ಅದರ ಕಣ್ಣಿಗೆ ಭೂತಗನ್ನಡಿ ಹಿಡಿದರು.

"ದೇವಾ!"

"ಎಂತ ಆಯ್ತು?"

"ಕಣ್ಣು ನೋಡಿ. ಕೈಯಲ್ಲಿ ಬರೆದದ್ದಾದರೆ ಬ್ರಶ್ಶಿನ ಗೆರೆ ಇರ್ಬೇಕು. ಇದು ಚುಕ್ಕಿ ಚುಕ್ಕಿ. ಮೆಷಿನ್ ಪ್ರಿಂಟು." ಮೊಣಕಾಲು ಬಗ್ಗಿಸಿದರು. ಅದು ಜೋತುಬಿತ್ತು. "ಅಸಲಿಯ ಕಾಲು ಬಗ್ಗಿಸಿದಲ್ಲೇ ನಿಲ್ತದೆ. ಇದು ಡುಪ್ಲಿಕೇಟ್. ಚಂದದ ಡುಪ್ಲಿಕೇಟ್. ಆದರೆ ವಿನೋದಾ ಇಂಥದ್ದನ್ನು ಮನೆಯ ಮೆಟ್ಟಿಲೂ ಹತ್ತಲಿಕ್ಕೆ ಬಿಡುವವರಲ್ಲ."

ಬೇರೆ ಗೊಂಬೆಗಳನ್ನೂ ನೋಡಿದರು. ಮೇಲಿನ ಸಾಲು ಪೂರ್ತಿ ನಕಲಿ. ಅಷ್ಟು ಹೊತ್ತು ತನ್ನನ್ನು ಹೆದರಿಸಿದ್ದು ಬರೀ ಡುಪ್ಲಿಕೇಟು ಎಂದು ಗೊತ್ತಾಗಿ ಧನರಾಜನಿಗೆ ಸ್ವಲ್ಪ ಅವಮಾನವಾಯಿತು.

ವನೆಸ್ಸಾ ಗೊಂಬೆಯ ಕೂದಲು ಸರಿಸಿ ಕಿವಿ ತೋರಿಸಿದರು. "ಇದನ್ನು ನೋಡಿ. ಎಷ್ಟು ಚೊಕ್ಕ!"

"ಚೊಕ್ಕ ಇದ್ದರೆ ಒಳ್ಳೆಯದಲ್ವಾ?"

"ಕಾಪುವಿನಲ್ಲಿ ಅಲ್ಲ ಮೇಡಂ. ಇಲ್ಲಿಯ ಉಪ್ಪು ಗಾಳಿಗೆ ಕಿಟಕಿಯ ಸರಳೇ ಉಳಿಯೋದಿಲ್ಲ. ಓಲೆಯ ಕಡ್ಡಿಗೆ ಕಿಲುಬು ಬರ್ತದೆ, ಆ ಹಸಿರು ಕಿವಿಯ ಒಳಗೆ ಇಳೀತದೆ. ಇವರ ಗೊಂಬೆಗಳಿಗೆಲ್ಲ ಅದೇ ರೋಗ. ಹೋದ ತಿಂಗಳು ಫೋನಿನಲ್ಲಿ ಖುಷಿಯಲ್ಲಿ ಹೇಳಿದರು, ಮಳೆಗಾಲ ಕಳೆದು ಬಂದ ಗೊಂಬೆಗಳ ಕಿವಿ ಗುಣ ಆಗಿದೆ ಮಾರಾಯ್ತಿ ಅಂತ. ಈ ಕಿಲುಬು ಒಂದು ಕಲೆಯೂ ಬಿಡದೆ ಹೋಗೋದಿಲ್ಲ ಅಂದೆ ನಾನು. ಕೂಡಲೇ ಅವರು ಫೋನ್ ಇಟ್ಟುಬಿಟ್ಟರು."

"ಮಳೆಗಾಲ ಎಲ್ಲಿ ಕಳೆದವಂತೆ?"

"ಅದು ಹೇಳಲಿಲ್ಲ. ನಿನ್ನೆ ಪುನಃ ಫೋನ್ ಮಾಡಿ, ಬೆಲೆ ಕಟ್ಟಲಿಕ್ಕೆ ಬಾ, ಆದರೆ ಒಂದು ದಿವಸ ಬಿಟ್ಟು ಬಾ ಅಂದರು. ಯಾಕೆ ಅಂತ ಕೇಳಿದೆ." ವನೆಸ್ಸಾರ ಸ್ವರ ಇಳಿಯಿತು. "'ಒಬ್ಬರಿಗೆ ಒಂದು ದಿವಸ ಕೊಡ್ಬೇಕು' ಅಂದರು."

ಹೊರಗೆ ಕಡಲು ಏರುತ್ತಿತ್ತು. ಕಪಾಟಿನ ಗಾಜು ಸಣ್ಣಗೆ ನಡುಗಿತು.

* * *

ಗೊಂಬೆಗಳನ್ನು ಲವಿಟಾ ಒಂದೊಂದಾಗಿ ಕಾರ್ಕಳಕ್ಕೆ ಒಯ್ಯುತ್ತಿದ್ದಳು, ಮಳೆಗಾಲ ಪೂರ್ತಿ ಅವಳ ಹತ್ತಿರವೇ ಇದ್ದವು ಎಂದು ಪ್ರಖ್ಯಾತ್ ಹೇಳಿಕೆ ಕೊಟ್ಟ. ಸರ್ಕಲ್ ಸಾಹೇಬರಿಗೆ ಅಷ್ಟೇ ಬೇಕಿತ್ತು.

ಲವಿಟಾಳ ಹೊಲಿಗೆ ಅಂಗಡಿಯಲ್ಲಿ ಧನರಾಜ್ ಕಪಾಟು ತೆರೆದ. ತೆರೆದಷ್ಟೇ ಬೇಗ ಮುಚ್ಚಿದ.

"ಮೇಡಂ, ಇದಕ್ಕೆ ತಲೆ ಇಲ್ಲ!"

"ಅದು ಅಳತೆಗೆ ಸರ್," ಲವಿಟಾ ಅಳುತ್ತಲೇ ಹೇಳಿದಳು. "ಒಂದು ಗೊಂಬೆಯ ತಲೆ ಒಡೆದು ಹೋಗಿತ್ತು. ಮೈ ಅಸಲಿ, ಇದರ ಮೇಲೆಯೇ ಹೊಲಿ ಅಂತ ವಿನೋದಕ್ಕನೇ ಕೊಟ್ಟದ್ದು. ಬೇರೆ ಯಾವ ಗೊಂಬೆಯನ್ನೂ ನಾನು ಮನೆಗೆ ತಂದವಳಲ್ಲ. ಮಳೆಗಾಲದಲ್ಲಿ ಅವೆಲ್ಲ ಮಣಿಪಾಲದಲ್ಲಿತ್ತು, ಪ್ರಖ್ಯಾತ್ ಸರ್‌ನ ಫ್ಲ್ಯಾಟಿನಲ್ಲಿ. ಅಲ್ಲಿ ಎ.ಸಿ. ಉಂಟು, ಬೂಷ್ಟು ಹಿಡಿಯೋದಿಲ್ಲ ಅಂತ."

"ಯಾರಾದರೂ ಸಾಕ್ಷಿ?"

"ವಿನೋದಕ್ಕ ಇದ್ದರು."

ಇದ್ದ ಒಬ್ಬ ಸಾಕ್ಷಿ ಶವಾಗಾರದಲ್ಲಿ.

"ನಿನ್ನೆ ಯಾಕೆ ಹೋದೆ?"

"ಕಪ್ಪು ಮುತ್ತಿನ ಗೊಂಬೆಗೆ ರವಕೆ ಸಡಿಲ ಆಗ್ತದೆ ಬಾ ಅಂದರು. ನೋಡಿದರೆ ಹೌದು, ಸೊಂಟದಲ್ಲಿ ಜೋಲಾಡ್ತಾ ಇತ್ತು. ಮದುವೆ ಗಡಿಬಿಡಿಯಲ್ಲಿ ನಾನೇ ತಪ್ಪು ಹೊಲಿದೆ ಅಂತ ನಾಚಿಕೆ ಆಯ್ತು. ಹಿಂದೆ ಒಂದು ಪಿನ್ ಹಾಕಿ, ಬಸ್ಸಿನ ಹೊತ್ತಾಯ್ತು ಅಂತ ಬಂದುಬಿಟ್ಟೆ. ಅವರು ಬೈಯಲಿಲ್ಲ. ಗೊಂಬೆ ಹಿಡ್ಕೊಂಡು ಸುಮ್ಮನೆ ಕೂತಿದ್ದರು."

ಟೇಬಲ್ಲಿನ ಮೇಲೆ ಅರ್ಧ ಹೊಲಿದ ಬಿಳಿ ಗೌನು. ಶನಿವಾರ ಲವಿಟಾಳ ರೋಸ್. ತಲೆಗೆ ತೆಂಗಿನಕಾಯಿ ಹಾಲು ಹೊಯ್ಯುವ ಶಾಸ್ತ್ರ. ಭಾನುವಾರ ಇಗರ್ಜಿಯಲ್ಲಿ ಮದುವೆ.

ಅಷ್ಟರಲ್ಲಿ ಸಾಹೇಬರ ಫೋನು. ನಾಳೆ ಶವಸಂಸ್ಕಾರ ಮುಗಿದ ಕೂಡಲೇ ಹುಡುಗಿಯನ್ನು ಒಳಗೆ ಹಾಕಬೇಕು.

"ನನ್ನ ಮದುವೆ ಉಂಟು ಮೇಡಂ," ಅಂದಳು ಲವಿಟಾ. ಒಮ್ಮೆ ಸ್ಟೇಷನ್ನಿಗೆ ಹೋದ ಹುಡುಗಿಗೆ ಇಗರ್ಜಿಯ ಮುಂದೆ ಯಾರು ಕಾಯುತ್ತಾರೆ?

ಜೀಪಿನಲ್ಲಿ ಧನರಾಜ್ ಮೆಲ್ಲಗೆ ಅಂದ, "ಅವಳು ಕ್ರಿಶ್ಚನ್ ಹುಡುಗಿ. ಸಾಯುವವರ ಹಣೆಗೆ ಶಿಲುಬೆ ಹಾಕಿಯಾಳು. ತುಳಸಿ ನೀರು ಅವಳಿಗೆ ಹೊಳೀತದಾ ಮೇಡಂ?"

"ಹೊಳೆಯೋದಿಲ್ಲ ಅಂತ ನನಗೆ ಗೊತ್ತು. ಸಾಹೇಬರಿಗೆ ಹೇಳಿದರೆ, ನೋಡಿ ಕಲಿತಿರ್ತಾಳೆ ಅಂತಾರೆ. ನೀವು ನಾಳೆ ಮಣಿಪಾಲಕ್ಕೆ ಹೋಗಿ. ಫ್ಲ್ಯಾಟ್ ಹುಡುಕಲಿಕ್ಕೆ ವಾರಂಟು ನಾನು ಮಾಡಿಸ್ತೇನೆ."

"ನಾನು ಒಬ್ಬನೇ?"

"ಗೊಂಬೆಗಳು ಇರ್ತಾವಲ್ಲ, ಜೊತೆಗೆ."

* * *

ಮರುದಿನ ಕಾಪುವಿನ ಮನೆಯಂಗಳದಲ್ಲಿ ಬಾಳೆ ಎಲೆಯ ಮೇಲೆ ವಿನೋದಕ್ಕ. ಮಸ್ಕತ್ತಿನಿಂದ ಬಂದ ಕರುಣಾಕರ ತಲೆಯ ಹತ್ತಿರ ಕಲ್ಲಿನ ಹಾಗೆ ನಿಂತಿದ್ದ. ಮೋಡ ತುಂಬಿ ಮಧ್ಯಾಹ್ನವೇ ಮುಸ್ಸಂಜೆಯಾಗಿತ್ತು. ಕಾಗೆಯೂ ಕೂಗಲಿಲ್ಲ.

ಹರಿಣಾಕ್ಷಿ ತುಳಸಿಕಟ್ಟೆಗೆ ಒರಗಿ ನಿಂತಿದ್ದಳು. ಆಗಷ್ಟೇ ಡಾಕ್ಟರ ಫೋನು ಬಂದಿತ್ತು. ಅದನ್ನು ಕೇಳಿದ ಮೇಲೆ ಅವಳ ಕಣ್ಣು ಪ್ರಖ್ಯಾತನನ್ನು ಬಿಟ್ಟಿರಲಿಲ್ಲ.

ಕ್ರಿಯೆ ನಡೆಸುತ್ತಿದ್ದವರು ಊರಿನ ಹಿರಿಯ ಮುಖಂಡರು, ಗುರಿಕಾರ ಧರ್ಮಪಾಲಣ್ಣ. ಕೈಯಲ್ಲಿ ತಂಬಿಗೆ, ನೀರಿನಲ್ಲಿ ತುಳಸಿ. ಹತ್ತಿರದವರು ಒಬ್ಬೊಬ್ಬರಾಗಿ ಸತ್ತವರ ಬಾಯಿಗೆ ನೀರು ಬಿಡಬೇಕು. ಕರುಣಾಕರ ಬಿಟ್ಟ.

"ಪ್ರಖ್ಯಾತ್, ಬಾ ಮಗಾ. ಮಗನ ಜಾಗದಲ್ಲಿ ನೀನೇ. ನೀರು ಬಿಡು."

ಪ್ರಖ್ಯಾತ್ ಎರಡು ಹೆಜ್ಜೆ ಬಂದ. ಚಿಕ್ಕಮ್ಮನ ಮುಖ ನೋಡಿದ. ತೆರೆದ ಬಾಯಿ ನೋಡಿದ. ಕೈ ಹಿಂದಕ್ಕೆ ಹೋಯಿತು.

"ಬೇಡ. ನಾನು... ನಾನು ಕೊಟ್ಟಾಗಿದೆ."

"ಯಾವಾಗ ಮಾರಾಯಾ?" ಧರ್ಮಪಾಲಣ್ಣ ತಂಬಿಗೆ ಹಿಡಿದೇ ಕೇಳಿದರು. "ಕರುಣಾಕರ ಕೊಟ್ಟ, ಎರಡನೆಯವ ನೀನು. ತಂಬಿಗೆ ನನ್ನ ಕೈ ಬಿಟ್ಟೇ ಇಲ್ಲ ಅಲ್ವಾ?"

ಆ ಮಾತಿಗೆ ಕಡಲು ಕೂಡ ಒಂದು ತೆರೆ ತಪ್ಪಿಸಿತು ಎಂದು ರತ್ನಾವತಿ ಇವತ್ತಿಗೂ ಆಣೆ ಹಾಕುತ್ತಾಳೆ.

ಹರಿಣಾಕ್ಷಿ ಮುಂದೆ ಬಂದಳು.

"ಹೇಳು ಪ್ರಖ್ಯಾತ್. ಯಾವಾಗ ಕೊಟ್ಟೆ?"

"ಅಲ್ಲ... ತಲೆ ಸರಿ ಇಲ್ಲ ಮೇಡಂ, ಎಂತದೋ ಹೇಳಿದೆ..."

ಅವಳ ಫೋನು ಗುಂಯ್‌ಗುಟ್ಟಿತು. ಧನರಾಜ್. ಅವನ ಪಿಸುಮಾತು ಅಂಗಳಕ್ಕೆಲ್ಲ ಕೇಳಿಸಿತು. "ಮೇಡಂ, ಎ.ಸಿ. ರೂಮಿನಲ್ಲಿ ಉಂಟು, ಹಾಸಿಗೆ ಅಡಿಯಲ್ಲಿ. ಎಲ್ಲದರ ಕಿವಿಯೂ ಹಸಿರು. ಕಪ್ಪು ಮುತ್ತಿನದ್ದು ಮಾತ್ರ ಇಲ್ಲ. ಬೇಗ ಬನ್ನಿ, ನಾನು ಒಬ್ಬನೇ ಇದ್ದೇನೆ."

ಪ್ರಖ್ಯಾತ್ ನೆಲಕ್ಕೆ ಕುಸಿದ.

"ನಾನು ಹೇಳ್ತೇನೆ," ಅಂದಳು ಹರಿಣಾಕ್ಷಿ. "ಮಳೆಗಾಲದಲ್ಲಿ ಗೊಂಬೆಗಳು ನಿನ್ನ ಹತ್ತಿರ ಇದ್ದವು. ಅಸಲಿ ಇಟ್ಟುಕೊಂಡು ನಕಲಿ ವಾಪಸು ಕಳಿಸಿದೆ. ಅಂಗಡಿಗೆ ವಿದೇಶದ ಗಿರಾಕಿಗಳಿದ್ದಾರಲ್ಲ. ಮುಖ ಹೋಲಿಸಿದೆ, ಬಟ್ಟೆ ಹೋಲಿಸಿದೆ. ಕಾಪುವಿನ ಗಾಳಿ ಹಿಡಿಸಿದ ಕಿಲುಬನ್ನು ಮರೆತೆ. ಕಿವಿ ಗುಣ ಆಯ್ತು ಅಂತ ಮೊದಲು ನಿನ್ನ ಚಿಕ್ಕಮ್ಮ ಖುಷಿಪಟ್ಟದ್ದು ಹೌದು. ಆಮೇಲೆ ಗೊತ್ತಾಯ್ತು. ಲವಿಟಾ ಹೊಲಿದದ್ದು ಅಸಲಿಯ ಮೈ ಅಳತೆಗೆ, ಆ ರವಕೆ ನಿನ್ನ ನಕಲಿಗೆ ಸಡಿಲ. ಅವಳೇ ಗೊಂಬೆ ಬದಲಿಸಿದ್ದರೆ ರವಕೆಯನ್ನೂ ನಕಲಿಯ ಅಳತೆಗೆ ಹೊಲಿಯುತ್ತಿದ್ದಳು. ನಾಚಿಕೊಂಡು ಪಿನ್ ಹಾಕುತ್ತಿರಲಿಲ್ಲ."

"ಒಂದು ದಿವಸ ಕೊಟ್ಟಿದ್ದರು ಚಿಕ್ಕಮ್ಮ," ಪ್ರಖ್ಯಾತ್ ನೆಲಕ್ಕೇ ಹೇಳಿದ. "ಎಲ್ಲ ತಂದು ಇದ್ದಲ್ಲಿ ಇಡು, ಚಿಕ್ಕಪ್ಪನಿಗೆ ಹೇಳೋದಿಲ್ಲ ಅಂದರು. ಕಪ್ಪು ಮುತ್ತಿನದ್ದು ಮಾರಿ ಆಗಿತ್ತು, ಎಲ್ಲಿಂದ ತರಲಿ? ಅದು ಒಂದು ಬಿಟ್ಟುಬಿಡಿ ಅಂತ ಕಾಲು ಹಿಡಿದೆ. ಅವರು ಸ್ಟೂಲ್ ಹತ್ತಿ ಅದನ್ನೇ ತೆಗೆದು, ಇದರ ಕಿವಿ ನೋಡು, ನನ್ನ ಕಣ್ಣು ನೋಡು ಅಂದರು. ಚಿಕ್ಕಪ್ಪನಿಗೆ ಈಗಲೇ ಫೋನ್ ಮಾಡ್ತೇನೆ ಅಂದರು. ನಾನು... ಸ್ಟೂಲ್ ಎಳೆದೆ."

ಕರುಣಾಕರ ಮೊದಲ ಸಲ ಬಾಯಿ ತೆರೆದ. "ಕೂಡಲೇ ಹೋಯ್ತಾ ಅವಳ ಜೀವ?"

ಅದನ್ನೂ ಹರಿಣಾಕ್ಷಿಯೇ ಹೇಳಬೇಕಾಯಿತು.

"ಇಲ್ಲ. ಬಹಳ ಹೊತ್ತು ಇದ್ದರಂತೆ. ಆಸ್ಪತ್ರೆಗೆ ಮುಟ್ಟಿಸಿದ್ದರೆ ಉಳಿಯುತ್ತಿದ್ದರು ಅಂತಾರೆ ಡಾಕ್ಟರು." ಅವಳು ಪ್ರಖ್ಯಾತನ ಕಡೆ ತಿರುಗಿದಳು. "ನಿನ್ನ ಜೇಬಿನಲ್ಲಿ ಫೋನಿತ್ತು. ಅದಕ್ಕೆ ಕೈ ಹೋಗಲಿಲ್ಲ. ಅಂಗಳಕ್ಕೆ ಬಂದು ತುಳಸಿ ಕೊಯ್ಯಲಿಕ್ಕೆ ಹೋಯ್ತು. ಸಾಕಿದವರು, ನೀರಿಲ್ಲದೆ ಹೋಗಬಾರದು. ಉಳಿಯಲೂ ಬಾರದು. ಅಲ್ವಾ? ಗಂಟಲಿನ ಕೆಳಗೂ ಎಲೆ ಸಿಕ್ಕಿದೆ. ಅವರು ಕುಡಿದಿದ್ದಾರೆ ಪ್ರಖ್ಯಾತ್. ಯಾರು ಕೊಡ್ತಾ ಇದ್ದಾರೆ ಅಂತ ನೋಡಿಯೇ ಕುಡಿದಿದ್ದಾರೆ."

ಧರ್ಮಪಾಲಣ್ಣನ ಕೈಯಿಂದ ತಂಬಿಗೆ ಜಾರಿ ಅಂಗಳದಲ್ಲಿ ಉರುಳಿತು.

* * *

ಹರಿಣಾಕ್ಷಿ ಮೊದಲು ಮಾಡಿದ ಫೋನು ಕಾರ್ಕಳಕ್ಕೆ. "ಗೌನು ಹೊಲಿದು ಮುಗಿಸು ಮಾರಾಯ್ತಿ. ಶನಿವಾರ ನಾನೂ ಬರ್ತೇನೆ, ತೆಂಗಿನಕಾಯಿ ಹಾಲು ಹೊಯ್ಯಲಿಕ್ಕೆ." ಆ ಕಡೆಯಿಂದ ಬಂದದ್ದು ಅಳುವೋ ನಗುವೋ ತಿಳಿಯಲಿಲ್ಲ.

ಮಣಿಪಾಲದ ಫ್ಲ್ಯಾಟಿನಲ್ಲಿ ಮಹಜರು ಮುಗಿಯಿತು. ವನೆಸ್ಸಾ ಒಂದೊಂದೇ ಗೊಂಬೆಯ ಕೂದಲು ಸರಿಸಿ, ಹಸಿರು ನೋಡಿ ನಿಟ್ಟುಸಿರು ಬಿಟ್ಟರು. ಕಿಲುಬು ಹಿಡಿದ ಕಿವಿಗೆ ಪೇಟೆಯಲ್ಲಿ ಬೆಲೆ ಅರ್ಧವೂ ಇಲ್ಲವಂತೆ. ಧನರಾಜ್ ಎಲ್ಲವನ್ನೂ ಜೀಪಿನ ಹಿಂದೆ ತುಂಬಿಸಿದ, ಮುಖ ಕೆಳಗೆ ಮಾಡಿ.

ಜೀಪಿನ ನಡುವಿನ ಸೀಟಿನಲ್ಲಿ ಕೂತ ಪ್ರಖ್ಯಾತನ ತುಟಿ ಒಣಗಿ ಬಿರಿದಿತ್ತು. ಕಾಪು ದಾರಿ ಹಿಡಿಯುವಾಗ ಅವನು ಮೆಲ್ಲಗೆ ಕೇಳಿದ, "ಸ್ವಲ್ಪ ನೀರು..."

ಧನರಾಜನ ಕೈ ಬಾಟಲಿಯ ಮೇಲೆ ನಿಂತಿತು. ಅವನು ಮೇಡಂ ಮುಖ ನೋಡಿದ.

"ಕೊಡಿ," ಅಂದಳು ಹರಿಣಾಕ್ಷಿ, ಕಿಟಕಿಯ ಆಚೆ ನೋಡುತ್ತಾ. "ನೀರು ಕೇಳಿದವರಿಗೆ ಇಲ್ಲ ಅನ್ನಬಾರದು. ನೀರು ಕೊಟ್ಟ ಮೇಲೆ ಆಂಬುಲೆನ್ಸಿಗೂ ಒಂದು ಫೋನ್ ಮಾಡ್ಬೇಕು, ಅಷ್ಟೇ."